ಹನ್ನೆರಡು ಕೀಲಿ, ನಲವತ್ತೊಂಬತ್ತು ಅಕ್ಷರ



ಇತಿಹಾಸವೆಂದರೆ ರಾಜವಂಶಗಳ ಏಳುಬೀಳು, ಯುದ್ಧಗಳ ತಾರೀಖು, ಶಾಸನಗಳ ಪಾಠ ಎಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಆದರೆ ದಿನನಿತ್ಯ ನಾವು ಕೈಯಲ್ಲಿ ಹಿಡಿಯುವ ವಸ್ತುಗಳಿಗೂ ಇತಿಹಾಸವಿದೆ. ನಮ್ಮನ್ನು ಕಾಡುವ ಸಣ್ಣಪುಟ್ಟ ಕಿರಿಕಿರಿಗಳಿಗೂ ಇತಿಹಾಸವಿದೆ.

ಮೊಬೈಲ್ ಫೋನನ್ನೇ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಸಾಲು ಕನ್ನಡ ಬರೆಯಲು ಹೊರಟರೆ ಬೆರಳು ಒಂದು ಕಡೆ ಹೋಗಿ ಬೇರೊಂದು ಅಕ್ಷರ ಮೂಡುತ್ತದೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಕೊನೆಗೆ ಬೇಸತ್ತು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿಬಿಡುತ್ತೇವೆ. ಏಕೆ ಹೀಗೆ ಎಂದು ಕೇಳಿದರೆ ‘ನಮ್ಮ ಲಿಪಿಯೇ ಕಷ್ಟ, ಅದು ಮೊಬೈಲಿಗೆ ಹೊಂದುವುದಿಲ್ಲ’ ಎಂಬ ಉತ್ತರ ಬರುತ್ತದೆ.

ಈ ಉತ್ತರ ಸರಿಯೇ? ದೋಷ ನಿಜವಾಗಿಯೂ ಲಿಪಿಯದೇ? ಅಥವಾ ಆ ಯಂತ್ರವನ್ನು ರೂಪಿಸಿದ ರೀತಿಯದೇ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ನಾವು ಸುಮಾರು ಆರು ದಶಕಗಳಷ್ಟು ಹಿಂದಕ್ಕೆ ಹೋಗಬೇಕು. ಬನ್ನಿ, ನೋಡೋಣ.

ಅಂಕಿಗಳಿಗಾಗಿ ಹುಟ್ಟಿದ ಕೀಲಿಮಣೆ

ಹಳೆಯ ದೂರವಾಣಿಯಲ್ಲಿ ಬೆರಳಿಟ್ಟು ತಿರುಗಿಸುವ ಬಿಲ್ಲೆ ಇರುತ್ತಿತ್ತು. ಅದರ ಬದಲು ಒತ್ತುವ ಗುಂಡಿಗಳಿರುವ ದೂರವಾಣಿಯನ್ನು ಅಮೆರಿಕದ ಬೆಲ್ ಸಂಸ್ಥೆ 1963ರ ನವೆಂಬರ್‌ನಲ್ಲಿ ಗ್ರಾಹಕರಿಗೆ ಒದಗಿಸಿತು. ಆಗ ಅದರಲ್ಲಿ ಇದ್ದದ್ದು 10 ಗುಂಡಿಗಳು ಮಾತ್ರ. ನಕ್ಷತ್ರ ಮತ್ತು ಹ್ಯಾಷ್ ಎಂಬ ಇನ್ನೆರಡು ಗುಂಡಿಗಳು 1968ರಲ್ಲಿ ಸೇರಿ ಒಟ್ಟು 12 ಆದವು. ಗುಂಡಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಜನ ಬೇಗನೆ, ತಪ್ಪಿಲ್ಲದೆ ಒತ್ತಬಲ್ಲರು ಎಂಬುದನ್ನು ಬೆಲ್ ಪ್ರಯೋಗಾಲಯದವರು ಹತ್ತಾರು ವಿನ್ಯಾಸಗಳನ್ನು ಇಟ್ಟುಕೊಂಡು ಪರೀಕ್ಷಿಸಿದ್ದರು. ಒಂದು ಸಾಲಿಗೆ ಮೂರರಂತೆ ಇಂದಿಗೂ ನಾವು ಕಾಣುವ ಜೋಡಣೆ ಬಂದದ್ದು ಹೀಗೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಆ ಪರೀಕ್ಷೆಯೆಲ್ಲ ನಡೆದದ್ದು ಅಂಕಿಗಳನ್ನು ಒತ್ತುವುದಕ್ಕಾಗಿ. ವಾಕ್ಯಗಳನ್ನು ಬರೆಯುವುದಕ್ಕಾಗಿ ಅಲ್ಲ. ಹಾಗಾದರೆ ಎರಡರ ಗುಂಡಿಯ ಮೇಲೆ ಎ, ಬಿ, ಸಿ ಎಂಬ ಅಕ್ಷರಗಳೇಕೆ ಇದ್ದವು? ಅಮೆರಿಕದಲ್ಲಿ ಹಿಂದೆ ದೂರವಾಣಿ ವಿನಿಮಯ ಕೇಂದ್ರಗಳಿಗೆ ಹೆಸರುಗಳಿದ್ದವು. ಆ ಹೆಸರಿನ ಮೊದಲ ಅಕ್ಷರಗಳನ್ನು ತಿರುಗಿಸಿ, ಆಮೇಲೆ ಸಂಖ್ಯೆಯನ್ನು ತಿರುಗಿಸಬೇಕಿತ್ತು. ನೆನಪಿಡಲು ಅನುಕೂಲವಾಗಲೆಂದು ಅಂಟಿಸಿದ ಗುರುತುಗಳವು. ಅವು ಎಷ್ಟು ಗೌಣವಾಗಿದ್ದವೆಂದರೆ, ಬಹುಕಾಲ ಅವುಗಳಲ್ಲಿ ಕ್ಯೂ ಮತ್ತು ಜೆಡ್ ಅಕ್ಷರಗಳಿಗೆ ಸ್ಥಾನವೇ ಇರಲಿಲ್ಲ. ಇಂಗ್ಲಿಷಿನ 26 ಅಕ್ಷರಗಳಿಗೇ ಪೂರ್ತಿಯಾಗಿ ಒದಗದಿದ್ದ ಇದೇ ಗುಂಡಿಗಳು ಮುಂದೆ ಜಗತ್ತಿನ ಎಲ್ಲ ಭಾಷೆಗಳ ಕೀಲಿಮಣೆಯಾಗಿ ಪರಿಣಮಿಸಿದವು!

160 ಮತ್ತು 70

ಎರಡನೆಯ ಘಟ್ಟ ಯೂರೋಪಿನದು. 1980ರ ದಶಕದಲ್ಲಿ ಅಲ್ಲಿನ ದೇಶಗಳು ಜಿಎಸ್ಎಂ ಎಂಬ ಸಮಾನ ಮೊಬೈಲ್ ವ್ಯವಸ್ಥೆಯನ್ನು ರೂಪಿಸುತ್ತಿದ್ದವು. ಕರೆಗಳನ್ನು ನಿಯಂತ್ರಿಸುವ ಸಂಕೇತಗಳು ಹರಿಯುವ ಹಾದಿಯಲ್ಲಿ ಬಿಡುವಿದ್ದಾಗ ಚಿಕ್ಕ ಬರೆಹಗಳನ್ನೂ ಕಳುಹಿಸಬಹುದಲ್ಲ ಎಂಬ ಆಲೋಚನೆ ಹುಟ್ಟಿತು. ಹಾದಿ ಕಿರಿದು, ಆದ್ದರಿಂದ ಸಂದೇಶವೂ ಕಿರಿದಾಗಿರಬೇಕು. ಎಷ್ಟು ಕಿರಿದು? ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ 1985ರಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ತೋಚಿದ ವಾಕ್ಯಗಳನ್ನು, ಪ್ರಶ್ನೆಗಳನ್ನು ಹೊಡೆದು ಎಣಿಸಿದರು. ಹೆಚ್ಚಿನವು 160 ಅಕ್ಷರಗಳ ಒಳಗೇ ಮುಗಿಯುತ್ತಿದ್ದವು. ಆ ಸಂಖ್ಯೆಯೇ ಮಿತಿಯಾಗಿ ನಿಂತಿತು.

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಮೊತ್ತಮೊದಲ ಸಂದೇಶವನ್ನು ಕಳುಹಿಸಿದರು. ಅದು ಕ್ರಿಸ್‌ಮಸ್ ಶುಭಾಶಯ. ಸ್ವಾರಸ್ಯವೆಂದರೆ ಅದನ್ನು ಅವರು ಬರೆದದ್ದು ಗಣಕಯಂತ್ರದ ಕೀಲಿಮಣೆಯಲ್ಲಿ. ಅಂದಿನ ಮೊಬೈಲಿನಲ್ಲಿ ಸಂದೇಶವನ್ನು ಓದಬಹುದಿತ್ತು, ಬರೆಯಲು ದಾರಿಯೇ ಇರಲಿಲ್ಲ.

ಈಗ ಸ್ವಲ್ಪ ಗಣಿತ ಮಾಡೋಣ. ಒಂದು ಸಂದೇಶಕ್ಕೆ ದೊರೆಯುವ ಜಾಗ 140 ಬೈಟ್, ಎಂದರೆ 1120 ಬಿಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160. ಕನ್ನಡದಂಥ ಲಿಪಿಗಳಿಗಾದರೋ ಪ್ರತಿ ಸಂಕೇತಕ್ಕೂ 16 ಬಿಟ್ ಬೇಕಾಗುತ್ತದೆ. 1120ನ್ನು 16ರಿಂದ ಭಾಗಿಸಿದರೆ 70. ಒಂದೇ ಸಂದೇಶದ ಹಣಕ್ಕೆ ಇಂಗ್ಲಿಷಿನವನಿಗೆ 160 ಸ್ಥಾನ, ಕನ್ನಡಿಗನಿಗೆ 70 ಸ್ಥಾನ!

ಆ 70 ಕೂಡ 70 ಪೂರ್ಣ ಅಕ್ಷರಗಳಲ್ಲ. ‘ಕರ್ನಾಟಕ’ ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರವಾಗಿ ಕಂಡರೂ ಯಂತ್ರ ಅದನ್ನು ಕ, ರ, ವಿರಾಮ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ ಎಂದು ಏಳಾಗಿ ಎಣಿಸುತ್ತದೆ. ‘ನಾಳೆ ಬೆಳಗ್ಗೆ ಹತ್ತು ಗಂಟೆಗೆ ಬಸ್ ನಿಲ್ದಾಣಕ್ಕೆ ಬಾ’ ಎಂಬ ಸರಳ ವಾಕ್ಯಕ್ಕೇ 44 ಸ್ಥಾನ ಹೋಗುತ್ತದೆ. ಉಳಿಯುವುದು 26. ಇನ್ನೊಂದು ವಾಕ್ಯ ಸೇರಿಸಿದರೆ ಅದು ಎರಡು ಸಂದೇಶ, ಎರಡು ಶುಲ್ಕ. ಇಡೀ ಇಂಗ್ಲಿಷ್ ಸಂದೇಶದ ನಡುವೆ ಕನ್ನಡದ ಒಂದೇ ಒಂದು ಅಕ್ಷರ ಬಂದರೂ ಸಾಕು, ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತಿತ್ತು. ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳಿಗೆ 7 ಬಿಟ್‌ನ ಪ್ರತ್ಯೇಕ ಕೋಷ್ಟಕಗಳನ್ನು ಅಂತರರಾಷ್ಟ್ರೀಯ ಮಾನದಂಡದಲ್ಲಿ ಸೇರಿಸಿದರಾದರೂ ಅಷ್ಟರಲ್ಲಿ ಕಾಲ ಬಹಳ ಮುಂದೆ ಸರಿದಿತ್ತು.

ಒತ್ತಿದಷ್ಟೂ ಮುಗಿಯದ ಪದ

ಭಾರತದಲ್ಲಿ ಮೊಬೈಲ್ ಸೇವೆಯ ಮೊದಲ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಮೊಬೈಲು ಹಳ್ಳಿಹಳ್ಳಿಗೂ ತಲುಪಿತು. ಕರೆಗೆ ತಗಲುವ ವೆಚ್ಚವನ್ನು ಉಳಿಸಲು ಜನ, ಅದರಲ್ಲಿಯೂ ವಿದ್ಯಾರ್ಥಿಗಳು, ಸಂದೇಶಗಳ ಮೊರೆಹೊಕ್ಕರು. ಆಗ ಆರಂಭವಾಯಿತು ಹೆಬ್ಬೆರಳಿನ ಕಸರತ್ತು.

ಒಂದು ಗುಂಡಿಯ ಮೇಲೆ ಮೂರು ಅಥವಾ ನಾಲ್ಕು ಅಕ್ಷರ. ಮೊದಲನೆಯದು ಬೇಕಾದರೆ ಒಮ್ಮೆ ಒತ್ತಬೇಕು, ಮೂರನೆಯದು ಬೇಕಾದರೆ ಮೂರು ಸಲ ಒತ್ತಬೇಕು. ‘ಕನ್ನಡ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಹತ್ತು ಸಲ ಒತ್ತಬೇಕಿತ್ತು. ನಡುವಿನ ಎರಡು ‘ಎನ್’ಗಳೂ ಒಂದೇ ಗುಂಡಿಯ ಮೇಲೆ ಇರುವುದರಿಂದ ಒಂದನ್ನು ಬರೆದು ಕ್ಷಣಕಾಲ ಕಾದು ಎರಡನೆಯದನ್ನು ಒತ್ತಬೇಕು. ಅವಸರಪಟ್ಟರೆ ಬೇರೆಯದೇ ಅಕ್ಷರ ಬರುತ್ತಿತ್ತು. ‘ಸರಿ’ ಎಂಬ ಎರಡಕ್ಷರದ ಉತ್ತರಕ್ಕೆ ಹನ್ನೊಂದು ಒತ್ತುಗಳು! ಅಂದಿನ ಯುವಜನರು ಸ್ವರಗಳನ್ನು ಹಾರಿಸಿ, ಪದಗಳನ್ನು ಕತ್ತರಿಸಿ ಬರೆಯುತ್ತಿದ್ದುದನ್ನು ಕಂಡು ಹಿರಿಯರು ‘ಭಾಷೆ ಕೆಟ್ಟಿತು’ ಎಂದು ಮರುಗಿದರು. ಆದರೆ ಅದು ಸೋಮಾರಿತನವಷ್ಟೇ ಆಗಿರಲಿಲ್ಲ. ಬೆರಳಿನ ಶ್ರಮಕ್ಕೆ ಬುದ್ಧಿ ಕಂಡುಕೊಂಡ ಉಪಾಯವೂ ಆಗಿತ್ತು. ತಂತಿಯ ಕಾಲದಲ್ಲಿ ಪದವೊಂದಕ್ಕೆ ಇಷ್ಟು ಎಂದು ಹಣ ಕೊಡಬೇಕಾಗಿದ್ದಾಗ ನಮ್ಮ ಹಿರಿಯರೂ ಇದನ್ನೇ ಮಾಡಿದ್ದರಲ್ಲವೇ?

ಈ ಶ್ರಮವನ್ನು ತಗ್ಗಿಸಲು ಬಂದದ್ದು ಟಿ9 ಎಂಬ ವಿಧಾನ. ಅಮೆರಿಕದ ಸಿಯಾಟಲ್ ನಗರದ ಟೆಜಿಕ್ ಎಂಬ ಸಂಸ್ಥೆ ಇದನ್ನು ರೂಪಿಸಿತು. ಪ್ರತಿ ಅಕ್ಷರಕ್ಕೂ ಒಂದೇ ಸಲ ಒತ್ತಿದರೆ ಸಾಕು. ಯಾವ ಪದವಿರಬಹುದೆಂದು ಯಂತ್ರವೇ ತನ್ನ ಪದಕೋಶದಲ್ಲಿ ಹುಡುಕಿಕೊಳ್ಳುತ್ತದೆ. 4663 ಎಂದು ಒತ್ತಿದರೆ ಇಂಗ್ಲಿಷಿನಲ್ಲಿ ‘ಗುಡ್’ ಆಗಬಹುದು, ‘ಹೋಮ್’ ಆಗಬಹುದು, ‘ಗಾನ್’ ಕೂಡ ಆಗಬಹುದು. ಇಂಗ್ಲಿಷ್ ಬರೆಯುವವರಿಗೆ ಇದು ವರವಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೆ ಮಾತ್ರ ಪೀಡೆಯಾಯಿತು. ನಮ್ಮ ಪದಗಳು ಆ ಕೋಶದಲ್ಲಿ ಇರಲಿಲ್ಲ. ‘ಬಾರೋ’ ಎಂದು ಬರೆಯಹೊರಟರೆ ಯಂತ್ರ ತನಗೆ ತಿಳಿದ ಬೇರೇನನ್ನೋ ಮುಂದೊಡ್ಡುತ್ತಿತ್ತು.

ಜಪಾನಿನಿಂದ ಒಂದು ಪಾಠ

‘ಹನ್ನೆರಡು ಗುಂಡಿಗಳಲ್ಲಿ ನಲವತ್ತೊಂಬತ್ತು ಅಕ್ಷರಗಳ ಭಾಷೆಯನ್ನು ಬರೆಯುವುದಾದರೂ ಹೇಗೆ?’ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಜಪಾನಿನ ಉದಾಹರಣೆಯನ್ನು ನೋಡೋಣ.

ಜಪಾನಿನ ಕಾನಾ ಲಿಪಿಯಲ್ಲಿ ಪ್ರತಿ ಅಕ್ಷರವೂ ನಮ್ಮ ಗುಣಿತಾಕ್ಷರದಂತೆ ಒಂದು ಉಚ್ಚಾರಾಂಶ. ಅದರ ವರ್ಣಮಾಲೆಯ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿವೆ. ಈ ಕ್ರಮ ನಿಮಗೆ ಪರಿಚಿತವೆನಿಸುವುದಿಲ್ಲವೇ? ಬೌದ್ಧಧರ್ಮದ ಜೊತೆಗೆ ಜಪಾನಿಗೆ ಹೋದ ಸಂಸ್ಕೃತ ಧ್ವನಿಶಾಸ್ತ್ರದ ಅಭ್ಯಾಸವೇ ಈ ಕ್ರಮದ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿನ ಮೊಬೈಲ್ ತಯಾರಕರು ಈ ಹತ್ತು ಸಾಲುಗಳನ್ನು ಹತ್ತು ಅಂಕಿಗಳ ಮೇಲೆ ನೇರವಾಗಿ ಇಟ್ಟರು. ಎರಡನ್ನು ಒಮ್ಮೆ ಒತ್ತಿದರೆ ‘ಕ’, ಎರಡು ಸಲ ಒತ್ತಿದರೆ ‘ಕಿ’, ಮೂರು ಸಲ ಒತ್ತಿದರೆ ‘ಕು’. ಶಾಲೆಯಲ್ಲಿ ಬಾಯಿಪಾಠ ಮಾಡಿದ ಕ್ರಮವೇ ಕೀಲಿಮಣೆಯ ಕ್ರಮವಾದದ್ದರಿಂದ ಮಕ್ಕಳೂ ಮುದುಕರೂ ಅದನ್ನು ಬೇಗ ಕಲಿತರು. ಸ್ಪರ್ಶಪರದೆಯ ಕಾಲ ಬಂದಾಗಲೂ ಅವರು ಈ ಕ್ರಮವನ್ನು ಬಿಡಲಿಲ್ಲ. ‘ಕ’ದ ಮೇಲೆ ಬೆರಳಿಟ್ಟು ಎಡಕ್ಕೆ, ಮೇಲಕ್ಕೆ, ಬಲಕ್ಕೆ, ಕೆಳಕ್ಕೆ ಸರಿಸಿದರೆ ಉಳಿದ ನಾಲ್ಕು ಗುಣಿತಗಳು ದೊರೆಯುವಂತೆ ಮಾಡಿಕೊಂಡರು.

ಹಾಗೆಂದ ಮಾತ್ರಕ್ಕೆ ಕನ್ನಡದ ವರ್ಗಗಳನ್ನು ಹಾಗೆಯೇ ಗುಂಡಿಗಳ ಮೇಲೆ ಹಂಚಿಬಿಟ್ಟರೆ ಸಮಸ್ಯೆ ಬಗೆಹರಿಯುತ್ತಿತ್ತೇ? ಇಲ್ಲ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಾಗುವ ‘ನ’ ಮತ್ತು ‘ಮ’ ಅನುನಾಸಿಕಗಳು. ತವರ್ಗ, ಪವರ್ಗಗಳಲ್ಲಿ ಅವುಗಳದು ಐದನೆಯ ಸ್ಥಾನ. ಆ ಪ್ರಕಾರ ‘ಕನ್ನಡ’ ಎಂದು ಬರೆಯಲು ಕ ಒಂದು, ನ ಐದು, ಮತ್ತೆ ನ ಐದು, ಡ ಮೂರು ಎಂದು ಹದಿನಾಲ್ಕು ಸಲ ಒತ್ತಬೇಕು. ಒತ್ತಕ್ಷರದ ಚಿಹ್ನೆಗೆ ಬೇರೆ! ಜಪಾನಿನವರು ತಮ್ಮ ಲಿಪಿಯ ಸ್ವಭಾವವನ್ನು ಅರಿತು ಯಂತ್ರವನ್ನು ಅದಕ್ಕೆ ಒಗ್ಗಿಸಿದರು. ನಾವು ಕಲಿಯಬೇಕಾದದ್ದು ಅವರ ಕೀಲಿಮಣೆಯನ್ನಲ್ಲ, ಅವರ ಆ ದೃಷ್ಟಿಯನ್ನು.

ಅಂಗೈಯಗಲದಲ್ಲಿ ಅಂತರಜಾಲ

ಬರೆಯುವ ಕಷ್ಟ ಹೀಗಾದರೆ ಓದುವ ಕಷ್ಟ ಇನ್ನೊಂದು ಬಗೆಯದು. ಮೊಬೈಲಿಗೆ ಅಂತರಜಾಲವನ್ನು ತರುವ ಉದ್ದೇಶದಿಂದ 1997ರಲ್ಲಿ ಕೆಲವು ದೊಡ್ಡ ಕಂಪೆನಿಗಳು ಸೇರಿ ವ್ಯಾಪ್ ಎಂಬ ವ್ಯವಸ್ಥೆಯನ್ನು ರೂಪಿಸತೊಡಗಿದವು. 1999ರಲ್ಲಿ ಬಂದ ನೋಕಿಯಾ 7110 ಈ ಸೌಲಭ್ಯವಿದ್ದ ಮೊದಮೊದಲಿನ ಫೋನು. ಅದರ ಪರದೆಯಲ್ಲಿ ಅಡ್ಡಲಾಗಿ 96, ಉದ್ದಕ್ಕೆ 65 ಚುಕ್ಕೆಗಳು ಮಾತ್ರ, ಬಣ್ಣವೂ ಇಲ್ಲ. ಅದೇ ಕಾಲದ ಗಣಕಯಂತ್ರದ ಪರದೆಯಲ್ಲಿ ಅಡ್ಡಲಾಗಿಯೇ 800 ಚುಕ್ಕೆಗಳಿದ್ದವು. ಬಾಗಿಲಿನಷ್ಟು ದೊಡ್ಡ ಚಿತ್ರವನ್ನು ಬೀಗದ ಕಿಂಡಿಯಿಂದ ನೋಡಿದಂತಾಯಿತು.

ವೇಗವೂ ಅಷ್ಟೇ ಕಡಿಮೆ. ಸೆಕೆಂಡಿಗೆ 9600 ಬಿಟ್, ಎಂದರೆ 1200 ಬೈಟ್. ಒಂದು ಲಕ್ಷ ಬೈಟುಗಳ ಸಾಧಾರಣ ಪುಟವೊಂದು ಬರಲು 80 ಸೆಕೆಂಡಿಗೂ ಹೆಚ್ಚು ಸಮಯ ಬೇಕು. ಹೀಗಾಗಿ ಮೊಬೈಲಿಗಾಗಿಯೇ ಬೇರೆ, ಬಡಕಲು ಪುಟಗಳನ್ನು ಬರೆಯಬೇಕಾಯಿತು. ವಿಳಾಸವನ್ನು ನಮೂದಿಸುವುದೂ ಒಂದು ಪರೀಕ್ಷೆಯೇ. ಆರಂಭದ ಮೂರು ‘ಡಬ್ಲ್ಯು’ಗಳು ಒಂದೇ ಗುಂಡಿಯ ಮೇಲಿದ್ದುದರಿಂದ ಒತ್ತಿ ಕಾದು, ಒತ್ತಿ ಕಾದು, ಮತ್ತೆ ಒತ್ತಬೇಕು. ಎಲ್ಲೋ ಒಂದು ಚುಕ್ಕೆ ತಪ್ಪಿದರೆ ಎಲ್ಲವೂ ಮೊದಲಿನಿಂದ.

2007ರಲ್ಲಿ ಬಂದ ಐಫೋನು ಪೂರ್ಣ ಪುಟವನ್ನೇ ತೋರಿಸಿ, ಎರಡು ಬೆರಳುಗಳಿಂದ ಹಿಗ್ಗಿಸಿ ಓದುವ ದಾರಿ ತೋರಿತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ತನ್ನನ್ನು ಜೋಡಿಸಿಕೊಳ್ಳುವ ವಿಧಾನವನ್ನು ವಿವರಿಸಿ ಬರೆದರು. ಇಂದು ಒಂದೇ ಪುಟ ಗಣಕಕ್ಕೂ ಮೊಬೈಲಿಗೂ ಹೊಂದುತ್ತಿರುವುದು ಈ ವಿಚಾರದ ಫಲ.

ಚೌಕಗಳ ಕಾಲ

ಆದರೆ ಕನ್ನಡದ ಓದುಗನ ಕಷ್ಟ ಇಷ್ಟಕ್ಕೇ ಮುಗಿಯಲಿಲ್ಲ. ಪುಟ ತೆರೆಯಿತು, ವೇಗವೂ ಇದೆ. ಆದರೆ ಕನ್ನಡವಿರಬೇಕಾದ ಜಾಗದಲ್ಲಿ ಸಾಲುಸಾಲಾಗಿ ಖಾಲಿ ಚೌಕಗಳು! ಇದಕ್ಕೆ ಕಾರಣವೇನು?

ಮೊದಲನೆಯದು ಸಂಕೇತಗಳ ಗೊಂದಲ. ಕನ್ನಡದ ಅನೇಕ ಜಾಲತಾಣಗಳು ಮೊದಲಿಗೆ ತಮ್ಮ ತಮ್ಮ ಅಕ್ಷರಶೈಲಿಗೆ ತಕ್ಕ ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದವು. ಒಂದರಲ್ಲಿ ‘ಕ’ ಆಗಿರುವ ಸಂಕೇತ ಇನ್ನೊಂದರಲ್ಲಿ ಬೇರೇನೋ ಆಗಿರುತ್ತಿತ್ತು. ಗಣಕದಲ್ಲಾದರೆ ಆ ಅಕ್ಷರಶೈಲಿಯನ್ನು ತಂದು ಹಾಕಿಕೊಳ್ಳಬಹುದಿತ್ತು. ಮೊಬೈಲಿನಲ್ಲಿ ಅದು ಸಾಧ್ಯವಿರಲಿಲ್ಲ. ಇದಕ್ಕೆ ಪರಿಹಾರವಾದದ್ದು ಯುನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಇದರ ಮೊದಲ ಆವೃತ್ತಿ ಪ್ರಕಟವಾದದ್ದು 1991ರಲ್ಲಿ. ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಪ್ರತ್ಯೇಕ ಕೋಷ್ಟಕ ದೊರೆಯಿತು. ಭಾರತೀಯ ಭಾಷೆಗಳಿಗಾಗಿ ನಮ್ಮ ದೇಶದಲ್ಲೇ ರೂಪುಗೊಂಡ ಇಸ್ಕಿ ಎಂಬ ಸಂಕೇತ ಪದ್ಧತಿಯೇ ಆ ಕೋಷ್ಟಕಕ್ಕೆ ತಳಹದಿ ಎಂಬುದು ಅಭಿಮಾನದ ಸಂಗತಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯುನಿಕೋಡಿನ ಬಲದಿಂದಲೇ ಬೆಳೆಯಿತು.

ಎರಡನೆಯದು ಅಕ್ಷರಗಳನ್ನು ಜೋಡಿಸುವ ಕೆಲಸ. ಇಂಗ್ಲಿಷಿನಲ್ಲಿ ಒಂದರ ಮುಂದೆ ಒಂದು ಅಕ್ಷರವಿಟ್ಟರೆ ಆಯಿತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತ ಮೇಲಕ್ಕೆ ಏರಬೇಕು. ‘ಕರ್ನಾಟಕ’ದಲ್ಲಿ ‘ರ್’ ಧ್ವನಿಯನ್ನು ‘ನಾ’ ಎನ್ನುವುದಕ್ಕೆ ಮೊದಲು ಉಚ್ಚರಿಸುತ್ತೇವೆ. ಬರೆಯುವಾಗ ಆಮೇಲೆ ಬರೆಯುತ್ತೇವೆ. ಇದನ್ನೆಲ್ಲ ಯಂತ್ರಕ್ಕೆ ಕಲಿಸದಿದ್ದರೆ ಅಕ್ಷರಗಳಿದ್ದರೂ ಅವು ಮುರಿದು ಬಿದ್ದಂತೆ ಕಾಣುತ್ತವೆ. ಆಂಡ್ರಾಯ್ಡ್ ವ್ಯವಸ್ಥೆಯ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಅದರಲ್ಲಿ ಕನ್ನಡಕ್ಕೆ ಅಧಿಕೃತವಾಗಿ ಈ ಸೌಲಭ್ಯ ದೊರೆತದ್ದು 2012ರಲ್ಲಿ, 4.1ನೆಯ ಆವೃತ್ತಿಯೊಡನೆ.

ನಡುವಿನ ಆ ವರ್ಷಗಳಲ್ಲಿ ಕನ್ನಡಿಗರು ಕೈಕಟ್ಟಿ ಕೂತರೇ? ಇಲ್ಲ. ಒಪೆರಾ ಮಿನಿ ಎಂಬ ಜಾಲವೀಕ್ಷಕ ತಂತ್ರಾಂಶದಲ್ಲಿ ಒಂದು ಒಳದಾರಿ ಇತ್ತು. ಅದರ ವಿಶೇಷ ಆಯ್ಕೆಗಳ ಪುಟಕ್ಕೆ ಹೋಗಿ ಒಂದು ಆಯ್ಕೆಯನ್ನು ಬದಲಿಸಿದರೆ, ದೂರದ ಗಣಕವೇ ಕನ್ನಡ ಅಕ್ಷರಗಳನ್ನು ಜೋಡಿಸಿ ಅವುಗಳ ಚಿತ್ರವನ್ನು ಫೋನಿಗೆ ಕಳುಹಿಸುತ್ತಿತ್ತು. ಫೋನಿಗೆ ಕನ್ನಡ ಬಾರದಿದ್ದರೂ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಬಲ್ಲವರು ಇಲ್ಲದವರಿಗೆ ಈ ಉಪಾಯವನ್ನು ಹೇಳಿಕೊಡುತ್ತಿದ್ದರು. ಸೌಲಭ್ಯ ಮೇಲಿನಿಂದ ಬರುವವರೆಗೆ ಕಾಯದೆ ಓದುಗರೇ ದಾರಿ ಮಾಡಿಕೊಂಡ ಈ ಸಂಗತಿಯೂ ಇತಿಹಾಸದ ಭಾಗವೇ.

ಧ್ವನಿಯನ್ನು ಹಿಡಿದವರು

ಈಗ ಮೂಲ ಪ್ರಶ್ನೆಗೆ ಬರೋಣ. ಕನ್ನಡ ಲಿಪಿ ನಿಜವಾಗಿಯೂ ಯಂತ್ರಕ್ಕೆ ಒಗ್ಗದಷ್ಟು ಜಟಿಲವೇ?

ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತಸುಬ್ಬರಾವ್. ಕೆಲವೇ ಹತ್ತಾರು ಕೀಲಿಗಳಲ್ಲಿ ಕನ್ನಡದ ಎಲ್ಲ ಗುಣಿತ, ಒತ್ತಕ್ಷರಗಳನ್ನು ಮೂಡಿಸುವುದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಯಂತ್ರಕ್ಕೆ ಯೋಚಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಅಕ್ಷರದ ಆಕಾರಗಳನ್ನು ತುಂಡುತುಂಡಾಗಿ ಕೀಲಿಗಳ ಮೇಲೆ ಇಡಬೇಕಾಗಿತ್ತು. ತುಂಡುಗಳನ್ನು ಕೂಡಿಸುವ ಹೊಣೆ ಬೆರಳಚ್ಚುಗಾರನದು.

ಗಣಕಯಂತ್ರ ಬಂದ ಮೇಲೆ ಈ ನಿರ್ಬಂಧ ಇಲ್ಲವಾಯಿತು. ಇದನ್ನು ಚೆನ್ನಾಗಿ ಅರಿತವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಬಲ್ಲ ಕೆ.ಪಿ. ರಾವ್. ಕನ್ನಡದ ಅಕ್ಷರಗಳು ಸಾವಿರಾರು ಆಕಾರಗಳಲ್ಲಿ ಕಂಡರೂ ಅವುಗಳ ಹಿಂದಿರುವುದು ಕೆಲವೇ ಧ್ವನಿಗಳು. ಧ್ವನಿಯನ್ನು ಮಾತ್ರ ಕೀಲಿಯಲ್ಲಿ ಒತ್ತೋಣ, ಆಕಾರವನ್ನು ಯಂತ್ರ ಕಟ್ಟಿಕೊಳ್ಳಲಿ ಎಂಬುದು ಅವರ ವಿಚಾರದ ತಿರುಳು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿ ಅವರು ಉಚಿತವಾಗಿ ಹಂಚಿದರು. ಅವರ ವಿನ್ಯಾಸವೇ ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಆಧಾರವಾಯಿತು. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಎಷ್ಟು ಕೀಲಿ ಒತ್ತಬೇಕು ಬಲ್ಲಿರಾ? ಕ, ನ, ಕೂಡಿಸುವ ಕೀಲಿ, ನ, ಡ. ಐದೇ ಐದು! ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಪದಕ್ಕೆ ಪೂರ್ಣ ಕೀಲಿಮಣೆಯಲ್ಲೂ ಏಳು ಕೀಲಿ ಬೇಕು. ಲಿಪಿ ಕಷ್ಟ ಎನ್ನುವವರಿಗೆ ಈ ಒಂದು ಲೆಕ್ಕವೇ ಉತ್ತರ.

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಹೊರತಂದ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇದೇ ತತ್ತ್ವದ್ದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕನ್ನಡದಲ್ಲಿ ಇದನ್ನು ಕಲಿತವರು ತೆಲುಗು, ಹಿಂದಿ, ಬಂಗಾಳಿ ಲಿಪಿಗಳಲ್ಲೂ ಅದೇ ಜಾಗದಲ್ಲಿ ಅದೇ ಧ್ವನಿಯನ್ನು ಕಾಣಬಹುದು.

ಸ್ಪರ್ಶಪರದೆಯ ಫೋನುಗಳು ಬಂದಾಗ ಕೀಲಿಗಳನ್ನು ಬೇಕಾದಂತೆ ಚಿತ್ರಿಸಿಕೊಳ್ಳುವ ಸ್ವಾತಂತ್ರ್ಯ ದೊರೆಯಿತು. ಮುಂಬೈ ಐಐಟಿಯ ವಿನ್ಯಾಸ ಕೇಂದ್ರದವರು 2013ರಲ್ಲಿ ಹೊರತಂದ ‘ಸ್ವರಚಕ್ರ’ ಇದಕ್ಕೆ ಒಳ್ಳೆಯ ನಿದರ್ಶನ. ವ್ಯಂಜನವನ್ನು ಮುಟ್ಟಿದೊಡನೆ ಅದರ ಸುತ್ತ ಚಕ್ರದಂತೆ ಗುಣಿತಾಕ್ಷರಗಳು ಅರಳುತ್ತವೆ. ಬೇಕಾದುದರ ಕಡೆಗೆ ಬೆರಳು ಸರಿಸಿದರೆ ಸಾಕು. ಒಂದನೆಯ ತರಗತಿಯಲ್ಲಿ ಕಲಿತ ಕಾಗುಣಿತವೇ ಕೀಲಿಮಣೆಯಾಯಿತು. 2016ರಲ್ಲಿ ಭಾರತೀಯ ಮಾನಕ ಸಂಸ್ಥೆಯು ದೇಶದ 22 ಅಧಿಕೃತ ಭಾಷೆಗಳಲ್ಲಿ ಓದುವ ಸೌಲಭ್ಯ ಎಲ್ಲ ಫೋನುಗಳಲ್ಲೂ ಇರಬೇಕೆಂದೂ, ಇಂಗ್ಲಿಷ್, ಹಿಂದಿಗಳ ಜೊತೆಗೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯುವ ಸೌಲಭ್ಯ ಇರಬೇಕೆಂದೂ ಮಾನದಂಡವನ್ನು ಗೊತ್ತುಪಡಿಸಿತು. 2017ರಲ್ಲಿ ಗೂಗಲ್ ಸಂಸ್ಥೆ ಕನ್ನಡದಲ್ಲಿ ಮಾತನಾಡಿದ್ದನ್ನು ಬರೆಹವಾಗಿಸುವ ಸೌಲಭ್ಯವನ್ನು ಸೇರಿಸಿತು. ಹನ್ನೆರಡು ಗುಂಡಿಗಳ ಸೆರೆಯಿಂದ ಕನ್ನಡ ಹೊರಬಂದದ್ದು ಹೀಗೆ.

ಉಳಿದ ತೊಡಕು, ಉಳಿದ ಅಭ್ಯಾಸ

ಹಾಗಾದರೆ ಎಲ್ಲವೂ ಸರಿಹೋಯಿತೇ? ಪೂರ್ತಿ ಇಲ್ಲ. ಒಂದು ತೊಡಕು ನಮ್ಮ ಭಾಷೆಯ ಸಂಪತ್ತಿನಿಂದಲೇ ಬಂದದ್ದು. ಪದವನ್ನು ಊಹಿಸಿ ತಿದ್ದುವ ತಂತ್ರಾಂಶ ಪದಗಳ ಪಟ್ಟಿಯನ್ನು ನಂಬಿರುತ್ತದೆ. ಕನ್ನಡದಲ್ಲಿ ‘ಮನೆ’ ಎಂಬ ಒಂದು ಪದ ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು, ಮನೆಯವರಿಗೂ, ಮನೆಯಲ್ಲಿದ್ದವರೆಲ್ಲ ಎಂದು ಬೆಳೆಯುತ್ತಲೇ ಹೋಗುತ್ತದೆ. ಸಂಧಿಯಾದರೆ ಇನ್ನೂ ಬೇರೆ ರೂಪ. ಇವನ್ನೆಲ್ಲ ಪಟ್ಟಿ ಮಾಡಿ ಮುಗಿಸಲಾಗದು. ವ್ಯಾಕರಣವನ್ನೇ ಯಂತ್ರಕ್ಕೆ ಕಲಿಸಬೇಕು. ಇದು ಮುಂದಿನ ಕೆಲಸ. ಭಾಷೆ ಮತ್ತು ಗಣಿತ ಎರಡನ್ನೂ ಪ್ರೀತಿಸುವ ನಿಮ್ಮಂಥವರಿಗಾಗಿ ಕಾದಿರುವ ಕೆಲಸ.

ಇನ್ನೊಂದು ತೊಡಕು ಯಂತ್ರದ್ದಲ್ಲ, ನಮ್ಮದು. ಹನ್ನೆರಡು ಗುಂಡಿಗಳ ಕಾಲದಲ್ಲಿ ಅನಿವಾರ್ಯವಾಗಿದ್ದ ರೂಢಿ ಆ ಗುಂಡಿಗಳು ಮಾಯವಾದ ಮೇಲೂ ನಮ್ಮ ಬೆರಳುಗಳಲ್ಲಿ ಉಳಿದಿದೆ. ಇಂದಿಗೂ ಎಷ್ಟೋ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಇದರಿಂದ ನಷ್ಟವೇನು? ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ‘ಬಲೆ’ ಮೀನು ಹಿಡಿಯುವ ಬಲೆಯೋ, ಕೈಗೆ ತೊಡುವ ಬಳೆಯೋ, ತೋಟದ ಬಾಳೆಯೋ, ಎಳೆಯ ಬಾಲೆಯೋ? ಹಾಲು ಯಾವುದು, ಹಾಳು ಯಾವುದು? ಲಕಾರ ಳಕಾರಗಳ, ಹ್ರಸ್ವ ದೀರ್ಘಗಳ ಭೇದವೆಲ್ಲ ಅಲ್ಲಿ ಅಳಿಸಿಹೋಗುತ್ತದೆ. ಹಾಗೆ ಬರೆದದ್ದು ಕನ್ನಡದಲ್ಲಿ ಹುಡುಕುವವರಿಗೆ ಸಿಗುವುದಿಲ್ಲ. ಕನ್ನಡವನ್ನು ಮಾತ್ರ ಓದಬಲ್ಲ ನಿಮ್ಮ ಅಜ್ಜಿಗೆ ನಿಮ್ಮ ಸಂದೇಶವನ್ನು ಇನ್ನೊಬ್ಬರು ಓದಿ ಹೇಳಬೇಕಾಗುತ್ತದೆ.

ಇತಿಹಾಸ ನಮಗೆ ಕಲಿಸುವ ಪಾಠವಿದು: ಸಾಧನಗಳು ರೂಢಿಯನ್ನು ಹುಟ್ಟಿಸುತ್ತವೆ, ಸಾಧನ ಬದಲಾದ ಮಾತ್ರಕ್ಕೆ ರೂಢಿ ತಾನಾಗಿ ಬದಲಾಗುವುದಿಲ್ಲ. ಅದನ್ನು ಬದಲಿಸುವವರು ಜನ. ಒಂದು ವಾರದ ಮಟ್ಟಿಗೆ ಈ ಪ್ರಯೋಗವನ್ನು ಮಾಡಿ ನೋಡಿ. ನಿಮ್ಮ ಫೋನಿನಲ್ಲಿ ಕನ್ನಡ ಕೀಲಿಮಣೆಯನ್ನು ತೆರೆದುಕೊಂಡು, ಕನ್ನಡದ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆಯಿರಿ. ಮೊದಲ ದಿನ ಹತ್ತು ಪದಗಳಿಗೆ ಎಷ್ಟು ಸಮಯ ಹಿಡಿಯಿತೆಂದು ಗುರುತು ಹಾಕಿಕೊಳ್ಳಿ. ಏಳನೆಯ ದಿನ ಅವೇ ಹತ್ತು ಪದಗಳನ್ನು ಮತ್ತೆ ಬರೆದು ಹೋಲಿಸಿ. ದೋಷ ಲಿಪಿಯದೋ, ರೂಢಿಯದೋ ಎಂಬುದನ್ನು ನಿಮ್ಮ ಬೆರಳುಗಳೇ ನಿಮಗೆ ಹೇಳುತ್ತವೆ.